ಬೋರ್ಡಿನ ದಪ್ಪ ಅಕ್ಷರ ಮತ್ತು ಹೊಸ ದರದ ಬಗ್ಗೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ಹೋಟೆಲ್ ಬೋರ್ಡು, ಮೆನು ಕಾರ್ಡಿನ ತಲೆಬರಹ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಎಲ್ಲದರಲ್ಲೂ ಇಂಗ್ಲಿಷ್ ಹೆಸರನ್ನು ದಪ್ಪ ಸ್ಲ್ಯಾಬ್ ಸೆರಿಫ್ (ಗೆರೆಗಳ ತುದಿಗೆ ಹಲಗೆಯಂಥ ದಪ್ಪ ಪಟ್ಟಿ ಇರುವ) ಅಕ್ಷರದಲ್ಲೇ ಕೂರಿಸುತ್ತಿದ್ದೇವೆ. ಬಳ್ಳಿಯಂತೆ ಬಾಗುವ ತೆಳು ಅಕ್ಷರ ಇನ್ನು ಮದುವೆ ಕಾಗದಕ್ಕೆ ಮತ್ತು ಮೆನುವಿನ ಒಳಪುಟಕ್ಕೆ ಮಾತ್ರ. ಮೊದಲೇ ತಿಳಿಸದೆ ಬದಲಾಯಿಸಿದ್ದು ನಮ್ಮ ತಪ್ಪು, ಕ್ಷಮಿಸಿ.

ಆದರೆ "ಅಕ್ಷರ ಅಷ್ಟೇ ಇದೆ, ದಪ್ಪ ಮಾಡಿ ದುಡ್ಡು ಎಳೀತೀರಿ" ಎಂಬ ಮಾತು ಮಾಟುಂಗಾದಿಂದ ಡೊಂಬಿವಲಿಯವರೆಗೆ ಕೇಳಿ ಕೇಳಿ ಮನಸ್ಸು ನೊಂದಿದೆ. ದಯವಿಟ್ಟು ಲೆಕ್ಕ ನೋಡಿ. ತೆಳು ಅಕ್ಷರದಲ್ಲಿ ಇಂಗ್ಲಿಷಿನ 'ಐ' (I) ಅಂದರೆ ಒಂದು ಕಡ್ಡಿ. ಸ್ಲ್ಯಾಬಿನಲ್ಲಿ ಅದೇ ಕಡ್ಡಿ ಕಂಬವಾಗುತ್ತದೆ, ಮೇಲೊಂದು ಕೆಳಗೊಂದು ಹಲಗೆ ಬರುತ್ತದೆ, ಆ ಹಲಗೆಯೂ ಹೆಚ್ಚುಕಡಿಮೆ ಕಂಬದಷ್ಟೇ ದಪ್ಪ. ಅಕ್ಷರ ಅಗಲವಾದಷ್ಟೂ ಅಕ್ರಿಲಿಕ್ ಶೀಟು ಹೆಚ್ಚು ಹೋಗುತ್ತದೆ, ಒಳಗೆ ಎಲ್‌ಇಡಿ ಹೆಚ್ಚು ಬೇಕು, ಮೂಲೆಗಳು ಹೆಚ್ಚಿದ್ದರಿಂದ ಕಟಿಂಗ್‌ಗೂ ಹೊತ್ತು ಹಿಡಿಯುತ್ತದೆ. ಶೀಟಿನ ದರ ನಾವು ನಿಗದಿ ಮಾಡುವುದಲ್ಲ. ನಮ್ಮ ಮಜೂರಿಯಲ್ಲಿ ಒಂದು ರೂಪಾಯಿಯೂ ಏರಿಸಿಲ್ಲ; ಬಿಲ್ಲಿನಲ್ಲಿ ಶೀಟು, ಲೈಟು, ಮಜೂರಿ ಬೇರೆ ಬೇರೆ ಬರೆದೇ ಕೊಡುತ್ತೇವೆ.

ಹಾಗಾದರೆ ಬದಲಾವಣೆ ಯಾಕೆ? ಮಹಾರಾಷ್ಟ್ರದ ಅಂಗಡಿ ಕಾಯ್ದೆಗೆ ಆದ 2022ರ ತಿದ್ದುಪಡಿಯ ಬಳಿಕ ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಬೋರ್ಡು ಕಡ್ಡಾಯ, ಬೇರೆ ಲಿಪಿ ಅದಕ್ಕಿಂತ ದೊಡ್ಡದಿರುವಂತಿಲ್ಲ. ಅದೇ ಬೋರ್ಡಿನಲ್ಲಿ ನಿಮಗೆ ಕನ್ನಡವೂ ಬೇಕು, ಇಂಗ್ಲಿಷೂ ಬೇಕು. ಉಳಿದ ಜಾಗದಲ್ಲಿ ಇಂಗ್ಲಿಷ್ ಚಿಕ್ಕದಾಗಲೇಬೇಕು. ದೇವನಾಗರಿಯ ತಲೆಗೆರೆಯ ಕೆಳಗೆ ತೆಳು ಅಕ್ಷರ ಇಟ್ಟರೆ ಜುಲೈ ಮಳೆಯಲ್ಲಿ ರಸ್ತೆಯ ಆಚೆಯಿಂದ ಏನೂ ಕಾಣದು. ಸ್ಲ್ಯಾಬಿನ ಹಲಗೆ ಆ ತಲೆಗೆರೆಗೆ ಸಮನಾಗಿ ನಿಲ್ಲುತ್ತದೆ. ಇದನ್ನು ನಾವು ಹತ್ತಾರು ಪ್ರೂಫ್ ತೆಗೆದು, ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿಯೇ ಆರಿಸಿದ್ದು.

"ಹಳೇ ಕಾಲದ ಅಕ್ಷರ" ಎಂದವರಿಗೆ: ಹೌದು, ಹಳೆಯದೇ. ಅಚ್ಚಿನ ಅಕ್ಷರ ಎರಕ ಹೊಯ್ಯುತ್ತಿದ್ದ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ 1815ರ ಸುಮಾರಿಗೆ ಇಂಥ ಅಚ್ಚು ತೋರಿಸಿದ್ದು ಜಾಹೀರಾತು ದೂರದಿಂದ ಕಾಣಲೆಂದೇ. 1845ರ ಕ್ಲಾರೆಂಡನ್, 1934ರ ರಾಕ್‌ವೆಲ್ ಎಂಬ ಸ್ಲ್ಯಾಬ್ ಅಕ್ಷರಗಳು ಇಂದಿಗೂ ಬಳಕೆಯಲ್ಲಿವೆ. ನಾವು ಬೋರ್ಡಿಗೆ ಕ್ಲಾರೆಂಡನ್ ಜಾತಿಯದನ್ನೇ ಇಟ್ಟುಕೊಂಡಿದ್ದೇವೆ, ಅದರ ಹಲಗೆ ಕಂಬಕ್ಕೆ ಸೇರುವಲ್ಲಿ ಸಣ್ಣ ಬಾಗು ಇದೆ, ಕನ್ನಡದ ದುಂಡಿಗೆ ಒಗ್ಗುತ್ತದೆ.

ಒಂದು ಕೆಲಸ ಮಾತ್ರ ಮಾಡುವುದಿಲ್ಲ. ಕನ್ನಡ ಅಕ್ಷರಕ್ಕೂ ಹಲಗೆ ಅಂಟಿಸಿ ಎಂದು ಇಬ್ಬರು ಕೇಳಿದರು. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು. ಅದು ಮುಚ್ಚಿದರೆ ನಿಮ್ಮ ಮನೆದೇವರ ಹೆಸರೇ ತಪ್ಪಾಗುತ್ತದೆ. ಕನ್ನಡಕ್ಕೆ ದಪ್ಪ ಗೆರೆ ಸಾಕು, ತಲೆಕಟ್ಟು ಅದರದ್ದೇ ಇರಲಿ.

ಮೆನುವಿನ ಒಳಪುಟದಲ್ಲಿ ತಿಂಡಿ ಹೆಸರು, ರೇಟು ಮೊದಲಿನ ತೆಳು ಅಕ್ಷರದಲ್ಲೇ ಇರುತ್ತವೆ. ಮೊದಲ ಕಂತಿನಲ್ಲಿ ಅಲ್ಲಿಗೂ ದಪ್ಪ ಹಾಕಿ, ಅಕ್ಷರದ ಹೊಟ್ಟೆಯೊಳಗೆ ಇಂಕು ತುಂಬಿ ರೇಟು ಓದಲಾಗದಂತಾಯಿತು. ಅಂಥ ಕಾರ್ಡು ನಿಮ್ಮಲ್ಲಿದ್ದರೆ ವಾಪಸು ತನ್ನಿ, ಕಾಸು ತೆಗೆದುಕೊಳ್ಳದೆ ಹೊಸದು ಹಾಕಿಕೊಡುತ್ತೇವೆ. ಬೋರ್ಡು ಮಾಡಿಸುವವರು ಸಂಜೆ ಆರರ ನಂತರ ಬನ್ನಿ. ನಿಮ್ಮ ಹೆಸರನ್ನೇ ಎರಡೂ ಅಕ್ಷರದಲ್ಲಿ ಕಾಗದದ ಮೇಲೆ ತೆಗೆದು, ಎದುರು ಗೋಡೆಗೆ ಅಂಟಿಸಿ ತೋರಿಸುತ್ತೇವೆ.

ಇಂತಿ,
ನಿಮ್ಮ ಪ್ರೆಸ್ಸಿನವರು
ಮಾಟುಂಗಾ, ಮುಂಬೈ