ಮಗಳಿಗೊಂದು ಪತ್ರ: ಕಾಣದ ಪೇಟಿಗೆ ಸವಾಲು ಕೂಗುವ ಮುನ್ನ

ಗದಗ

ಚಿ. ವೀಣಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಪ್ಯಾರಿಸ್ ರೀಡಿನ (ನಾದ ಹೊಮ್ಮಿಸುವ ಲೋಹದ ಪಟ್ಟಿಗಳ) ಹಳೆಯ ಪೇಟಿ, ಅಂದರೆ ಹಾರ್ಮೋನಿಯಂ, ಒಂದು ಇಬೇ ಎಂಬ ಆನ್‌ಲೈನ್ ಮಾರಾಟದ ತಾಣದಲ್ಲಿ ಹರಾಜಿಗೆ ಬಂದಿದೆ, ಮಾರುವವರು ಇಂಗ್ಲೆಂಡಿನವರು, ಭಾನುವಾರ ರಾತ್ರಿ ಸವಾಲು ಮುಗಿಯುತ್ತದೆ, ಕೂಗಲೋ ಬೇಡವೋ ಎಂದು ಕೇಳಿದ್ದೀ. ಬೇಡ ಎನ್ನಲು ನನಗೆ ಮನಸ್ಸಿಲ್ಲ. ಧಾರವಾಡದ ಹಾಡುಗಾರರ ಮನೆಗಳಲ್ಲಿ ಅಂಥ ಪೇಟಿಯ ನಾದ ಕೇಳುತ್ತ ಕಲಿತವಳು ನೀನು, ಈಗ ನಿನ್ನ ದುಡಿಮೆಯಲ್ಲೇ ಉಳಿಸಿದ ರೊಕ್ಕದಿಂದ ಅದನ್ನು ಕೊಳ್ಳಬೇಕೆಂದರೆ ಅದು ನ್ಯಾಯವಾದ ಆಸೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕೆಲಸ ಮಾಡಿದ ನಾನು, ಆನ್‌ಲೈನ್ ವ್ಯವಹಾರದಲ್ಲಿ ಹಣ ಕಳೆದುಕೊಂಡು ಬಂದವರ ಮಾತನ್ನು ಎದುರಿಗೇ ಕೂಡಿಸಿಕೊಂಡು ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಮೋಸವಾದದ್ದು ವಸ್ತುವನ್ನು ಮೊದಲು ಕಂಡ ತಾಣದೊಳಗಲ್ಲ, ಅಲ್ಲಿಂದ ಯಾರೋ ಅವರನ್ನು ಫೋನಿಗೋ ವಾಟ್ಸ್‌ಆ್ಯಪಿಗೋ ಹೊರಗೆ ಕರೆದುಕೊಂಡು ಹೋದ ಮೇಲೆ. ಈ ಪತ್ರದಲ್ಲಿ ನಾನು ಹೇಳಬೇಕಾದದ್ದೆಲ್ಲ ಆ ಹೊಸ್ತಿಲಿನ ಬಗ್ಗೆಯೇ.

ಮೊದಲು ವಸ್ತುವಿನ ವಿಚಾರ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ವರ್ತಕರನ್ನು ನೀನೂ ಚಿಕ್ಕಂದಿನಲ್ಲಿ ನೋಡಿದ್ದೀ. ಚೀಲದ ಬಾಯಲ್ಲಿ ಕಾಣುವ ಕೆಂಪು ಕಾಯಿಯನ್ನು ನಂಬಿ ಅವರು ದರ ಬರೆಯುವುದಿಲ್ಲ. ತೋಳು ಮುಳುಗುವ ತನಕ ಕೈ ಇಳಿಸಿ ತಳದ ಕಾಯಿಯನ್ನು ತೆಗೆಯುತ್ತಾರೆ, ಅಂಗೈಯಲ್ಲಿ ಅದುಮಿ ತೇವ ನೋಡುತ್ತಾರೆ, ತೊಟ್ಟು ಮುರಿದು ಬೀಜದ ಬಣ್ಣ ನೋಡುತ್ತಾರೆ, ಆಮೇಲೆ ಟೆಂಡರಿನಲ್ಲಿ ತಮ್ಮ ದರವನ್ನು ಇನ್ನೊಬ್ಬರಿಗೆ ಕಾಣದಂತೆ ಒಮ್ಮೆ ಹಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಆ ಕೈಯೂ ಇಲ್ಲ, ಮೂಗೂ ಇಲ್ಲ. ಮಾರುವವರು ತೋರಿಸಿದಷ್ಟೇ ನಿನಗೆ ಕಾಣುವುದು. ಆದ್ದರಿಂದ ತಳವನ್ನು ತೋರಿಸಿ ಎಂದು ನೀನು ಬಾಯಿಬಿಟ್ಟು ಕೇಳಬೇಕು.

ಪೇಟಿಯ ಮುಖಕ್ಕೆ ಅಂಟಿಸಿದ ಹೆಸರಿನ ಫಲಕ ಏನನ್ನೂ ಸಾಬೀತು ಮಾಡುವುದಿಲ್ಲ. ಮೇಲಿನ ಮುಚ್ಚಳ ತೆಗೆಸಿ, ಒಳಗಿನ ರೀಡುಗಳ ಹಿತ್ತಾಳೆಯ ಮೇಲೆ ಒತ್ತಿದ ಗುರುತನ್ನು ಹತ್ತಿರದಿಂದ ಫೋಟೊ ತೆಗೆದು ಕಳಿಸಲು ಕೇಳು. ಬಿಳಿ ಮತ್ತು ಕಪ್ಪು ಮನೆಗಳನ್ನು (ಬೆರಳಿನಿಂದ ಒತ್ತುವ ಕೀಲಿಗಳನ್ನು) ಒಂದೂ ಬಿಡದೆ, ನಿಧಾನವಾಗಿ, ಒಂದೊಂದಾಗಿ ಒತ್ತಿ ನುಡಿಸಿದ ವೀಡಿಯೊ ಬೇಕು ಎಂದು ಹೇಳು. ಒಂದು ರಾಗದ ತುಣುಕನ್ನು ಸೊಗಸಾಗಿ ನುಡಿಸಿ ಕಳಿಸಿದರೆ ಅದನ್ನು ಕೇಳಿ ಸಂತೋಷಪಟ್ಟು ಸುಮ್ಮನಾಗಬೇಡ, ಏಕೆಂದರೆ ಕೆಟ್ಟ ಮನೆಗಳನ್ನು ತಪ್ಪಿಸಿ ನುಡಿಸುವುದು ಬಲ್ಲವರಿಗೆ ಕಷ್ಟವಲ್ಲ. ಗಾಳಿ ತುಂಬಿ, ಯಾವ ಮನೆಯನ್ನೂ ಮುಟ್ಟದೆ ಬಿಟ್ಟಾಗ ತಿದಿ ಎಷ್ಟು ಹೊತ್ತು ಗಾಳಿ ಹಿಡಿಯುತ್ತದೆ ಎಂಬುದನ್ನೂ ಅದೇ ವೀಡಿಯೊದಲ್ಲಿ ತೋರಿಸಲಿ. ಪೇಟಿಯ ಮೇಲೆ ಒಂದು ಚೀಟಿಯಲ್ಲಿ ಆ ದಿನದ ತಾರೀಖು ಬರೆದಿಟ್ಟು ಫೋಟೊ ತೆಗೆಯಲು ಹೇಳು. ಇದ್ದ ವಸ್ತುವನ್ನು ಮಾರುವವರಿಗೆ ಇದು ಹತ್ತು ನಿಮಿಷದ ಕೆಲಸ, ಇನ್ನೊಬ್ಬರ ಫೋಟೊ ಕದ್ದು ಹಾಕಿದವರಿಗೆ ಮಾತ್ರ ಆಗದ ಕೆಲಸ. ಈಗಿರುವ ಫೋಟೊಗಳನ್ನು ಗೂಗಲ್ ಲೆನ್ಸಿನಲ್ಲಿ ಹಾಕಿ, ಅವೇ ಚಿತ್ರಗಳು ಬೇರೆ ಊರಿನ ಬೇರೆ ಜಾಹೀರಾತಿನಲ್ಲಿ ಇವೆಯೇ ಎಂದೂ ನೋಡಿಕೋ. ಇನ್ನೊಂದು ಮಾತು: ಹಳೆಯ ವಾದ್ಯಗಳ ಬಿಳಿ ಮನೆಗಳಿಗೆ ಕೆಲವೊಮ್ಮೆ ಆನೆದಂತದ ಹೊದಿಕೆ ಇರುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ದಂತದ ವ್ಯಾಪಾರ ನಿಷಿದ್ಧ. ಮೋಸವೇ ಇಲ್ಲದಿದ್ದರೂ ಅಂಥ ಪೇಟಿ ನಿನ್ನ ಕೈ ಸೇರದೆ ಹೋಗಬಹುದು. ಮನೆಗಳು ಯಾವುದರಿಂದ ಮಾಡಿದವು ಎಂದು ಬರಹದಲ್ಲಿ ಉತ್ತರ ಪಡೆದುಕೋ.

ಇನ್ನು ಮಾರುವವರು. ಪಿಯರೆ ಒಮಿಡ್ಯಾರ್ ಅವರು 1995ರಲ್ಲಿ ಇಬೇಯನ್ನು ಆರಂಭಿಸಿದ ಮೇಲೆ, ಮುಖವರಿಯದ ಜನ ಒಬ್ಬರನ್ನೊಬ್ಬರು ನಂಬಲೆಂದು ಕೊಂಡವರ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವಂತೆ ಇಡುವ ಪದ್ಧತಿ ಬೆಳೆಯಿತು. ಆ ಅಭಿಪ್ರಾಯಗಳನ್ನು ಎಣಿಸಿದರೆ ಸಾಲದು, ಓದಬೇಕು. ವರ್ಷಗಟ್ಟಲೆ ಅಂಚೆಚೀಟಿ, ಮೊಬೈಲ್ ಕವರುಗಳಂಥ ಸಣ್ಣ ವಸ್ತುಗಳನ್ನು ಮಾರಿ ಒಳ್ಳೆಯ ಹೆಸರು ಪಡೆದ ಖಾತೆಯೊಂದು ಬಹಳ ದಿನ ಸುಮ್ಮನಿದ್ದು, ಇದ್ದಕ್ಕಿದ್ದಂತೆ ಬೆಲೆಬಾಳುವ ವಾದ್ಯ, ಕ್ಯಾಮೆರಾ, ಕೈಗಡಿಯಾರಗಳನ್ನು ಒಟ್ಟಿಗೇ ಮಾರಾಟಕ್ಕಿಟ್ಟಿದ್ದರೆ, ಆ ಖಾತೆಯ ಪಾಸ್‌ವರ್ಡ್ ಕಳ್ಳರ ಕೈಗೆ ಹೋಗಿರಬಹುದು ಎಂದು ಶಂಕಿಸುವುದೇ ಸರಿ. ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ನೀನು ಕೊಳ್ಳುತ್ತಿರುವುದು ಹೊರದೇಶದ ತಾಣದಲ್ಲಿ, ಹೊರದೇಶದವರಿಂದ. ತಕರಾರು ಬಂದರೆ ನಿನಗಿರುವ ಗಟ್ಟಿ ಆಸರೆ ಆ ತಾಣದ ಹಣ ಮರುಪಾವತಿಯ ಖಾತರಿಯೊಂದೇ, ಮತ್ತು ಅದು ತಾಣದೊಳಗೇ ಹಣ ಕೊಟ್ಟವರಿಗೆ ಮಾತ್ರ ಸಿಗುತ್ತದೆ.

ಸವಾಲು ಕೂಗುವಾಗ ವರ್ತಕರ ಆ ಟೆಂಡರಿನ ಶಿಸ್ತನ್ನೇ ಇಟ್ಟುಕೋ. ನಿನ್ನ ಗರಿಷ್ಠ ಮೊತ್ತವನ್ನು ಒಮ್ಮೆ ನಮೂದಿಸಿದರೆ, ಎದುರಾಳಿ ಏರಿಸಿದಂತೆ ತಾಣವೇ ನಿನ್ನ ಪರವಾಗಿ ಆ ಮಿತಿಯವರೆಗೆ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುತ್ತದೆ. ನೀನು ಉಳಿಸಿದ ರೊಕ್ಕದಲ್ಲಿ ಸಾಗಣೆ, ವಿಮೆ, ಕಸ್ಟಮ್ಸ್ ಸುಂಕ, ಬಂದ ಮೇಲಿನ ಶ್ರುತಿ ಮಾಡಿಸುವ ಖರ್ಚು ಎಲ್ಲವನ್ನೂ ಕಳೆದು ಉಳಿದ ಮೊತ್ತವೇ ನಿನ್ನ ಮಿತಿ. ಅದನ್ನು ಇಂದೇ ಬರೆದಿಡು, ಭಾನುವಾರ ರಾತ್ರಿಯ ಕೊನೆಯ ನಿಮಿಷಗಳಲ್ಲಿ ತಿದ್ದಬೇಡ. ಮಾರುವವರು ತಮ್ಮದೇ ಇನ್ನೊಂದು ಖಾತೆಯಿಂದಲೋ ಗೆಳೆಯರಿಂದಲೋ ಸುಳ್ಳು ಸವಾಲು ಕೂಗಿಸಿ ಬೆಲೆ ಏರಿಸುವ ಚಾಳಿ ಹಳ್ಳಿಯ ಲಿಲಾವಿನಲ್ಲಿಯೂ ಇತ್ತು, ಇಲ್ಲಿಯೂ ಇದೆ. ತಾಣದ ನಿಯಮ ಅದನ್ನು ನಿಷೇಧಿಸಿದೆಯಾದರೂ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಸವಾಲುಗಳ ಇತಿಹಾಸವನ್ನು ತೆರೆದು ನೋಡು: ಕೂಗುತ್ತಿರುವ ಖಾತೆ ತನ್ನ ಬಹುಪಾಲು ಸವಾಲುಗಳನ್ನು ಇದೇ ಮಾರಾಟಗಾರರ ವಸ್ತುಗಳಿಗೇ ಕೂಗಿದ್ದರೆ ಅಲ್ಲಿ ಏನೋ ಇದೆ. ನಿನ್ನ ಮಿತಿ ಗಟ್ಟಿಯಾಗಿದ್ದರೆ ಈ ಆಟದಿಂದ ನಿನಗೆ ಹೆಚ್ಚೇನೂ ನಷ್ಟವಿಲ್ಲ.

ನನಗೆ ನಿಜವಾಗಿ ಭಯವಿರುವುದು ನೀನು ಸೋತರೆ. ಸೋತ ಮರುದಿನ ನಿನಗೊಂದು ಇಮೇಲ್ ಬರಬಹುದು: ಗೆದ್ದವರು ಹಣ ಕೊಡದೆ ಹಿಂದೆ ಸರಿದಿದ್ದಾರೆ, ಎರಡನೆಯ ಅತಿ ಹೆಚ್ಚಿನ ಸವಾಲು ನಿಮ್ಮದು, ಅದೇ ಬೆಲೆಗೆ ಪೇಟಿಯನ್ನು ಕೊಡುತ್ತೇವೆ, ಇಂದೇ ಹಣ ಕಳಿಸಿ ಎಂದು. ಇದು ಪೂರ್ತಿ ಕಟ್ಟುಕಥೆಯಾಗಿದ್ದರೆ ಗುರುತಿಸುವುದು ಸುಲಭವಿತ್ತು. ಆದರೆ ಎರಡನೆಯವರಿಗೆ ಅವಕಾಶ ಕೊಡುವ ಕ್ರಮ ತಾಣದಲ್ಲಿ ನಿಜವಾಗಿಯೂ ಇದೆ, ಅದರ ವೇಷ ತೊಟ್ಟೇ ಕಳ್ಳರು ಬರುತ್ತಾರೆ. ನಿಜವಾದ ಪ್ರಸ್ತಾಪ ನಿನ್ನ ಖಾತೆಯ ಸಂದೇಶಗಳ ಪೆಟ್ಟಿಗೆಯಲ್ಲಿಯೂ ಕಾಣಿಸುತ್ತದೆ, ಹಣವನ್ನು ಅಲ್ಲೇ ಕೊಡಬಹುದು. ಆದ್ದರಿಂದ ಇಮೇಲಿನ ಕೊಂಡಿಯನ್ನು ಒತ್ತದೆ, ವಿಳಾಸವನ್ನು ನೀನೇ ಟೈಪ್ ಮಾಡಿ ತಾಣಕ್ಕೆ ಹೋಗಿ ನೋಡು. ಅಲ್ಲಿ ಇಲ್ಲದಿದ್ದರೆ ಆ ಪ್ರಸ್ತಾಪವೇ ಇಲ್ಲ. ಸೋತ ಬೇಸರದಲ್ಲಿದ್ದಾಗ ಬರುವ ಇಂಥ ಸಿಹಿ ಸುದ್ದಿಯನ್ನು ಮನಸ್ಸು ಪರೀಕ್ಷಿಸಲು ಒಪ್ಪುವುದಿಲ್ಲ ತಾಯಿ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಗೆದ್ದರೂ ಇಂಥದೇ ಕರೆ ಬರಬಹುದು. ತಾಣಕ್ಕೆ ಕಮಿಷನ್ ಹೋಗುತ್ತದೆ, ನೇರವಾಗಿ ಖಾತೆಗೆ ಹಾಕಿದರೆ ಇಷ್ಟು ಕಡಿಮೆ ಮಾಡುತ್ತೇನೆ ಎಂದು ಮಾರುವವರೇ ಆಸೆ ತೋರಿಸಬಹುದು, ಅಥವಾ ಹಣವನ್ನು ನಡುವೆ ಹಿಡಿದಿಡುವ ಎಸ್ಕ್ರೊ ಸಂಸ್ಥೆ ಎಂದು ತಾವೇ ಕಟ್ಟಿದ ನಕಲಿ ತಾಣವನ್ನು ಮುಂದಿಡಬಹುದು. ಒಪ್ಪಬೇಡ. ಊರಿನೊಳಗಿನ ಖರೀದಿಗೂ ಅನ್ವಯಿಸುವ, ಬ್ಯಾಂಕಿನವಳಾಗಿ ನಾನು ಬಲ್ಲ ಒಂದು ಸಂಗತಿ ಹೇಳುತ್ತೇನೆ. ಆನ್‌ಲೈನಿನಲ್ಲಿ ಎನ್‌ಇಎಫ್‌ಟಿ, ಅಂದರೆ ಒಂದು ಖಾತೆಯಿಂದ ಇನ್ನೊಂದು ಬ್ಯಾಂಕಿನ ಖಾತೆಗೆ ಹಣ ವರ್ಗಾವಣೆ, ಮಾಡುವಾಗ ನೀನು ಯಾವ ಹೆಸರು ಬರೆದರೂ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ಹಿಡಿದು. ಬಹಳ ಜನರಿಗೆ ಇದು ತಿಳಿದಿರಲಿಲ್ಲ. ಸಂಸ್ಥೆಯ ಹೆಸರು ಬರೆದಿದ್ದೇನೆ, ಹಣ ಸಂಸ್ಥೆಗೇ ಹೋಗಿದೆ ಎಂದು ವಾದಿಸುತ್ತಿದ್ದರು, ಹಣ ಮಾತ್ರ ಯಾರೋ ಬಡ ಹುಡುಗನಿಂದ ಬಾಡಿಗೆಗೆ ಪಡೆದ ಖಾತೆಗೆ ಹೋಗಿ ಅಲ್ಲಿಂದ ನಗದಾಗಿ ಹೊರಗೆ ಬಂದಿರುತ್ತಿತ್ತು. ಹಣ ಕಳಿಸುವ ಮೊದಲೇ ಖಾತೆದಾರರ ನೋಂದಾಯಿತ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಆ ಹೆಸರನ್ನು ಓದದೆ ಯಾರಿಗೂ ಹಣ ಕಳಿಸಬೇಡ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲಿಕ್ಕೆ. ಮರುಪಾವತಿ ಮಾಡುತ್ತೇವೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಅಲ್ಲಿಗೇ ಫೋನ್ ಇಡು. ನೀನೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕು ನಿನ್ನ ಒಪ್ಪಿಗೆಯ ಪಾವತಿ ಎಂದೇ ನೋಡುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ವಸ್ತು ಬರಲಿಲ್ಲವೆಂದು ತಕರಾರು ಹಾಕುವ ದಾರಿಯೊಂದು ಉಳಿದಿರುತ್ತದೆ, ಹಾಗಾಗಿ ಕಾರ್ಡಿನಲ್ಲೇ ಕೊಡು.

ಹಣ ಕೊಟ್ಟ ಮೇಲೆ, ಪಾರ್ಸೆಲ್ ಮುಂಬಯಿಯ ಕಸ್ಟಮ್ಸಿನಲ್ಲಿ ನಿಂತಿದೆ, ಸುಂಕ ಕಟ್ಟದಿದ್ದರೆ ನಿಮ್ಮ ಮೇಲೆ ಕೇಸಾಗುತ್ತದೆ ಎಂದು ಯಾರಾದರೂ ಗದರಿಸಿದರೆ ಹೆದರಬೇಡ. ಸುಂಕ ನಿಜವಾಗಿಯೂ ಬೀಳುತ್ತದೆ, ಆದರೆ ಅದನ್ನು ಅಂಚೆಯವರು ಅಥವಾ ಕೊರಿಯರಿನವರು ರಸೀದಿ ಕೊಟ್ಟು ವಸೂಲಿ ಮಾಡುತ್ತಾರೆ. ಅಧಿಕಾರಿಯೊಬ್ಬರ ಸ್ವಂತ ಮೊಬೈಲ್ ಸಂಖ್ಯೆಗೆ ಕಳಿಸುವುದಲ್ಲ.

ಹಾವೇರಿಯಲ್ಲಿರುವ ನಿನ್ನ ಅಣ್ಣನಿಗೂ ಇದನ್ನು ಓದಿಸು. ಬ್ಯಾಂಕು ಜಪ್ತಿ ಮಾಡಿದ ಬೈಕುಗಳು ಅಗ್ಗಕ್ಕೆ ಹರಾಜಿಗಿವೆ ಎಂಬ ಫೇಸ್‌ಬುಕ್ ಜಾಹೀರಾತನ್ನು ಅವನು ನನಗೆ ಕಳಿಸಿದ್ದ. ಟೋಕನ್ ಹಣವನ್ನು ಒಂದು ಮೊಬೈಲ್ ಸಂಖ್ಯೆಗೆ ಹಾಕಬೇಕಂತೆ. ಬ್ಯಾಂಕಿನ ಹರಾಜಿನಲ್ಲಿ ಠೇವಣಿ ಯಾವುದೇ ಸಿಬ್ಬಂದಿಯ ಸ್ವಂತ ಖಾತೆಗೆ ಹೋಗುವುದಿಲ್ಲ, ವಸ್ತುವನ್ನು ನೋಡಲು ದಿನ ಗೊತ್ತುಮಾಡಿರುತ್ತಾರೆ, ಶಾಖೆಗೆ ಹೋಗಿ ಕೇಳಿದರೆ ಕಾಗದ ತೋರಿಸುತ್ತಾರೆ. ಸಾರ್ವಜನಿಕ ವಲಯದ ಬ್ಯಾಂಕುಗಳ ಇ-ಹರಾಜಿಗೆ 2025ರಲ್ಲಿ ಬ್ಯಾಂಕ್‌ನೆಟ್ ಎಂಬ ತಾಣವೂ ಬಂದಿದೆ. ಹಾಗೆ ವಿಚಾರಿಸಲು ಹುಬ್ಬಳ್ಳಿಗೆ ಒಮ್ಮೆ ಹೋಗಿ ಬರುವ ಬಸ್ಸಿನ ಖರ್ಚು ಟೋಕನ್ ಹಣಕ್ಕಿಂತ ಕಡಿಮೆ ಎಂದು ಅವನಿಗೆ ಹೇಳಿದ್ದೇನೆ, ನೀನೂ ಹೇಳು.

ಇಷ್ಟಾದರೂ ಏನಾದರೂ ತಪ್ಪಿದರೆ, ನಾಚಿಕೆಯಿಂದ ನಮಗೆ ತಿಳಿಸದೆ ಕುಳಿತುಕೊಳ್ಳಬೇಡ. ಮೊದಲ ಕೆಲಸ 1930ಕ್ಕೆ ಕರೆ ಮಾಡುವುದು, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸುವುದು. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಹಂಚುವ ಮೊದಲೇ ದೂರು ತಲುಪಿದರೆ ಅದನ್ನು ನಡುವೆಯೇ ತಡೆಹಿಡಿಯಲು ಬ್ಯಾಂಕುಗಳಿಗೆ ಸಾಧ್ಯವಾಗುತ್ತದೆ, ಮನೆಯಲ್ಲಿ ಕೂತು ಯೋಚಿಸಿದ ಪ್ರತಿ ಗಂಟೆಯೂ ಅವರಿಗೇ ಲಾಭ. ಆಮೇಲೆ ನಿನ್ನ ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗು. ಮಾರಾಟದ ಪುಟ, ಸಂದೇಶಗಳು, ಪಾವತಿಯ ಸಂಖ್ಯೆ ಇವೆಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಡು. ಕಳ್ಳರು ಪುಟವನ್ನೇ ಅಳಿಸಿ ಹೋಗುತ್ತಾರೆ. ವ್ಯವಹಾರ ನಮ್ಮ ದೇಶದ ತಾಣದ್ದಾಗಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ತಿಂಗಳೊಳಗೆ ಬಗೆಹರಿಸಬೇಕು. ಅಲ್ಲಿ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಧಾರವಾಡದ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಮಾರಿದವರ ಊರಿಗೆ ಅಲೆಯದೆ ನೀನಿರುವ ಊರಿನಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ.

ಪೇಟಿ ಮನೆಗೆ ಬಂದ ದಿನ ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವೀಡಿಯೊ ಮಾಡಿಸು. ವಿವರಣೆಗೆ ಹೊಂದದ ವಸ್ತು ಬಂದರೆ ಇಬೇಯಲ್ಲಿ ತಲುಪಿದ 30 ದಿನಗಳೊಳಗೆ ತಕರಾರು ಎತ್ತಬೇಕು. ಹಬ್ಬ ಮುಗಿಯಲಿ, ಸಂಗೀತ ಕಛೇರಿ ಮುಗಿಯಲಿ ಎಂದು ದಿನ ತಳ್ಳಬೇಡ, ಅದೇ ವಾರದಲ್ಲಿ ಪೇಟಿ ರಿಪೇರಿ ಮಾಡುವವರಿಗೆ ತೋರಿಸಿ ಅವರ ಮಾತು ತಿಳಿದುಕೋ.

ಈಗ ಮಾರಾಟಗಾರರಿಗೆ ತಾಣದ ಸಂದೇಶದಲ್ಲೇ ಬರೆದು ರೀಡಿನ ಫೋಟೊ, ವೀಡಿಯೊ ಕೇಳು. ಶನಿವಾರದೊಳಗೆ ಉತ್ತರ ಬಾರದಿದ್ದರೆ ಈ ಪೇಟಿಯನ್ನು ಬಿಟ್ಟುಬಿಡು, ಇನ್ನೊಂದು ಬರುತ್ತದೆ. ವೀಡಿಯೊ ಬಂದರೆ ನಮಗೂ ಕಳಿಸು. ಮಂದ್ರ ಸಪ್ತಕದ ಮನೆಗಳನ್ನು ತಾವೇ ಒಂದೊಂದಾಗಿ ಕೇಳಬೇಕು ಎಂದು ನಿನ್ನ ಅಪ್ಪ ಹೇಳಿದ್ದಾರೆ.

ಇಂತಿ,
ನಿನ್ನ ಅವ್ವ