ಅಲೋಸ್ಟೆರಿಕ್ ಬೇರೆ, ನಾನ್‌ಕಾಂಪಿಟಿಟಿವ್ ಬೇರೆ

ಮಾನ್ಯ ಸಂಪಾದಕರೇ,

ಕಿಣ್ವಗಳ ‘ಅಲೋಸ್ಟೆರಿಕ್ ಪ್ರತಿಬಂಧ’ವನ್ನು ನಾನ್‌ಕಾಂಪಿಟಿಟಿವ್ ಪ್ರತಿಬಂಧದ (ಕಿಣ್ವ ಬದಲಿಸುವ ವಸ್ತುವಿನೊಡನೆ ಸ್ಪರ್ಧಿಸದೆ ಒಡ್ಡುವ ತಡೆಯ) ಇನ್ನೊಂದು ಹೆಸರೆಂಬಂತೆ ಬರೆಯುವ ರೂಢಿ ನಮ್ಮ ಪರೀಕ್ಷಾ ಗೈಡುಗಳಲ್ಲಿದೆ. ಅದು ತಪ್ಪು.

ಗ್ರೀಕಿನಲ್ಲಿ ‘ಅಲೋಸ್’ ಎಂದರೆ ಬೇರೆ, ‘ಸ್ಟೀರಿಯೋಸ್’ ಎಂದರೆ ಘನ. ಇಲ್ಲಿ ಅಣುವಿನ ಆಕಾರ ಎಂದು ತಿಳಿಯಬೇಕು. ಪ್ರತಿಬಂಧಕದ ಆಕಾರ ಸಬ್‌ಸ್ಟ್ರೇಟಿನಂತಿಲ್ಲ (ಸಬ್‌ಸ್ಟ್ರೇಟ್ ಎಂದರೆ ಕಿಣ್ವ ಬದಲಿಸುವ ವಸ್ತು), ಅದು ಕೂರುವ ಜಾಗವೂ ಬೇರೆ. 1961ರಲ್ಲಿ ಈ ಪದವನ್ನು ಬಳಕೆಗೆ ತಂದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಜಾಕ್ ಮೊನೊ ಮತ್ತು ಫ್ರಾನ್ಸ್ವಾ ಜಾಕೊಬ್.

ಅವರ ಮುಂದಿದ್ದ ಉದಾಹರಣೆ ಇ. ಕೋಲಿ ಬ್ಯಾಕ್ಟೀರಿಯಾದ ಥ್ರಿಯೋನಿನ್ ಡಿಅಮಿನೇಸ್ ಎಂಬ ಕಿಣ್ವ. ಥ್ರಿಯೋನಿನ್ ಎಂಬ ಅಮೈನೋ ಆಮ್ಲದಿಂದ ಐಸೊಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ತಯಾರಾಗುವ ಐದು ಹಂತಗಳಲ್ಲಿ ಮೊದಲನೆಯದು ಇದರ ಕೆಲಸ. ಐಸೊಲ್ಯೂಸಿನ್ ಸಾಕಷ್ಟು ಕೂಡಿದಾಗ ಅದೇ ಬಂದು ಈ ಕಿಣ್ವವನ್ನು ತಡೆಯುತ್ತದೆ. ಕಿಣ್ವವನ್ನು ಹದವಾಗಿ ಬಿಸಿ ಮಾಡಿದರೆ ಕೆಲಸ ಉಳಿದು ಐಸೊಲ್ಯೂಸಿನ್‌ನ ತಡೆ ಮಾತ್ರ ಹೋಗುತ್ತದೆಂದು ಮೊನೊ ಅವರ ಶಿಷ್ಯ ಜಾನ್-ಪಿಯೇರ್ ಶಾಂಜೊ ತೋರಿಸಿದರು. ಎರಡು ಜಾಗಗಳಿವೆ ಎಂಬುದಕ್ಕೆ ಇಷ್ಟು ಚೊಕ್ಕ ಪುರಾವೆ ಅಪರೂಪ.

ಇಲ್ಲಿ ಥ್ರಿಯೋನಿನ್ ಹೆಚ್ಚಿಸಿದರೆ ತಡೆ ಸಡಿಲವಾಗುತ್ತದೆ. ಶುದ್ಧ ನಾನ್‌ಕಾಂಪಿಟಿಟಿವ್‌ನಲ್ಲಿ ಸಬ್‌ಸ್ಟ್ರೇಟ್ ಎಷ್ಟು ಸುರಿದರೂ ಗರಿಷ್ಠ ವೇಗ ಇಳಿದೇ ಇರುತ್ತದೆ, ಕೆಎಂ (ಗರಿಷ್ಠ ವೇಗದ ಅರ್ಧ ಮುಟ್ಟಲು ಬೇಕಾದ ಸಬ್‌ಸ್ಟ್ರೇಟ್ ಸಾಂದ್ರತೆ) ಬದಲಾಗದು. ಇನ್ನೊಂದು ಮಾತು: ಅಲೋಸ್ಟೆರಿಕ್ ಕಿಣ್ವದ ವೇಗರೇಖೆ (ಸಬ್‌ಸ್ಟ್ರೇಟ್ ಹೆಚ್ಚಿದಂತೆ ವೇಗ ಏರುವುದನ್ನು ತೋರುವ ಗೆರೆ) ಸಾಮಾನ್ಯವಾಗಿ ಎಸ್ ಆಕಾರದ್ದು. ವೇಗ ಮತ್ತು ಸಬ್‌ಸ್ಟ್ರೇಟ್ ಸಾಂದ್ರತೆಗಳ ವ್ಯುತ್ಕ್ರಮಗಳನ್ನು (1/ವೇಗ, 1/ಸಾಂದ್ರತೆ) ಗುರುತಿಸುವ ಲೈನ್‌ವೀವರ್-ಬರ್ಕ್ ನಕ್ಷೆಯಲ್ಲಿ ಬಿಂದುಗಳು ಬಾಗಿದರೆ ಸ್ಕೇಲಿಟ್ಟು ನೇರ ಗೆರೆ ಎಳೆಯಬೇಡಿ. ಹಾಗೆ ಬರುವ ಕೆಎಂಗೆ ಅರ್ಥವಿಲ್ಲ.

– ಜೀವರಸಾಯನ ವಿಜ್ಞಾನದ ಉಪನ್ಯಾಸಕರು, ಧಾರವಾಡ