ಬಿಸಿನೀರಿಗೆ ಕರೆಂಟ್ ಸುಡೋದು ಕಡಿಮೆಯಾಗಲಿ

ಮಾನ್ಯರೇ,
ಬೆಂಗಳೂರಲ್ಲಿ ಇಷ್ಟು ಬಿಸಿಲಿದ್ರೂ ಸ್ನಾನದ ನೀರಿಗೆ ಎಷ್ಟೋ ಮನೇಲಿ ಇನ್ನೂ ಕರೆಂಟ್ ಗೀಸರ್ರೇ ಗತಿ. 100 ಲೀಟರ್ ನೀರನ್ನ ಇರೋದಕ್ಕಿಂತ 30 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡೋಕೆ ಹತ್ರಹತ್ರ ಮೂರೂವರೆ ಯೂನಿಟ್ ಬೇಕು, ಅದೂ ಬೆಳಿಗ್ಗೆ ಎಲ್ರೂ ಒಟ್ಟಿಗೇ ಸ್ವಿಚ್ ಹಾಕ್ತಾರೆ, ಲೋಡ್ ಏರೋದೇ ಆಗ. ಸೋಲಾರ್ ಹೀಟರ್ ಇದ್ರೆ ಹಗಲು ಕಾದ ನೀರು ಮಾರನೇ ದಿನ ಬೆಳಿಗ್ಗೆಗೂ ಬಿಸಿ ಇರುತ್ತೆ. ಆದ್ರೆ ನಮ್ಮ ಮನೆ ಥರ ಪಕ್ಕದ ಅಪಾರ್ಟ್‌ಮೆಂಟ್ ನೆರಳು ಟೆರೇಸ್ ಮೇಲೆ ಬೀಳೋರು ಏನ್ಮಾಡ್ಬೇಕು? ಅಲ್ಲಿ ಹೀಟ್ ಪಂಪ್ (ಸುತ್ತಲ ಗಾಳಿಯ ಶಾಖ ಎಳ್ಕೊಂಡು ನೀರು ಕಾಯಿಸೋ ಯಂತ್ರ) ಒಳ್ಳೇದು, ಗೀಸರ್‌ಗೆ ಬೇಕಾಗೋದ್ರಲ್ಲಿ ಸುಮಾರು ಮೂರನೇ ಒಂದು ಭಾಗ ಕರೆಂಟ್ ಸಾಕು, ಬೆಲೆ ಮಾತ್ರ ಜಾಸ್ತಿ. ಸರ್ಕಾರ ಇದಕ್ಕೆ ಕಡಿಮೆ ಬಡ್ಡಿ ಸಾಲ ಕೊಟ್ಟು, ಕಂತನ್ನ ತಿಂಗಳ ಕರೆಂಟ್ ಬಿಲ್ಲಲ್ಲೇ ವಸೂಲಿ ಮಾಡ್ಲಿ.

— ಓದುಗರೊಬ್ಬರು, ಬೆಂಗಳೂರು